ಯಾರದೂ ಅಲ್ಲದ ರಾಗ

"ಬಂದ ನೋಡಿ, ಕಳ್ಳ!"

ಪಬ್ಬಿನ ಬಾಗಿಲಲ್ಲಿ ಫೀಕ್ರಾನನ್ನು ಕಂಡೊಡನೆ ಬ್ರೋನಾಳ ಬಾಯಿಂದ ಬಂದ ಮಾತು ಅದೇ. ಡನಿಗಾಲ್ ಸೀಮೆಯ ಕಿಲ್ಲಿಬೆಗ್ಸ್ ಬಂದರಿನ ಆ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನದ ವಾದ್ಯಗೋಷ್ಠಿ ಥಟ್ಟನೆ ನಿಂತಿತು. ಅವಳು ಪಿಟೀಲು ಕೆಳಗಿಟ್ಟು, ಅವನನ್ನು ಸವರಿಕೊಂಡೇ ಹೊರಗೆ ನಡೆದಳು.

ಗಿಟಾರ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಫೀಕ್ರಾ ಹಿಂದೆಯೇ ಓಡಿದ.

"ಏನೇ ಇದು? ಎರಡು ವರ್ಷ ಆದ್ಮೇಲೆ ಬಂದಿದ್ದೀನಿ, ಹೇಗಿದ್ದೀಯ ಅಂತಾದ್ರೂ..."

"ನಿನ್ನ ಆಲ್ಬಂ ಕೇಳ್ದೆ! ಕಿವಿ ತೂತಾಗೋ ಆ ರಾಕ್ ಗದ್ದಲದ ಮಧ್ಯೆ ನಾನು ಕಲಿಸಿದ ರಾಗ! ಕವರ್ ಮೇಲೆ ಏನು ಬರ್ಸಿದ್ದೀಯ? 'ಸಾಂಪ್ರದಾಯಿಕ'! ಅಂದ್ರೆ ಯಾರ್ದೂ ಅಲ್ಲ, ಅಲ್ವಾ?"

"ನೀನೇ ಹೇಳಿದ್ಯಲ್ಲೇ, ಗ್ಲೆಂಟೀಸ್ ಕಡೆಯ ಯಾವನೋ ಮುದುಕನಿಂದ ಕಲಿತೆ ಅಂತ!"

ಬ್ರೋನಾ ನಡಿಗೆ ನಿಲ್ಲಿಸಿದಳು.

ಹೌದು... ಹೇಳಿದ್ದಳು! ನಮ್ಮ ಡನಿಗಾಲ್ ಕಡೆ 'ಇದು ನಾನು ಕಟ್ಟಿದ ರಾಗ' ಎಂದು ಯಾರೂ ಎದೆ ತಟ್ಟಿ ಹೇಳುವುದಿಲ್ಲ. ಹೇಳಿದರೆ ಜಂಬಗಾರರೆಂಬ ಹೆಸರು ಖಾಯಂ. ನಾಚಿಕೆಯವರೆಲ್ಲ ಹೊಸ ರಾಗವನ್ನು ಯಾರೋ ಮುದುಕನ ತಲೆಗೆ ಕಟ್ಟಿ ತೆಪ್ಪಗಿರುತ್ತಾರೆ. ಅವಳಿಗಂತೂ ಇನ್ನೊಂದು ಭಯವಿತ್ತು. ನಾನೇ ಕಟ್ಟಿದ್ದು ಎಂದರೆ, ಯಾರಿಗಾಗಿ ಎಂದು ಅವನು ಕೇಳಿಬಿಟ್ಟರೆ?

"ಆ ಮುದುಕನ ಹೆಸರು ಹಾಕಿಸ್ಬೇಕು ಅಂತ ಊರೂರು ಅಲೆದೆ ಬ್ರೋನಾ. ಒಬ್ಬರಿಗೂ ಗೊತ್ತಿಲ್ಲ. ಹೇಳು, ಯಾರು ಕಟ್ಟಿದ್ದು?"

ಅವಳು ದೋಣಿಗಳತ್ತ ಮುಖ ತಿರುಗಿಸಿದಳು. ಹೇಳೇ... ಈಗಲಾದರೂ ಹೇಳೇ, ಎಂದಿತು ಮನಸ್ಸು.

"ಸರಿ ಬಿಡು," ಅವನ ದನಿ ಒಡೆಯಿತು. "ಜರ್ಮನಿಗೆ ಹೊರಟಿದ್ದೀನಿ. ಅದಕ್ಕೆ ಮುಂಚೆ ಒಂದು ಮಾತು ಕೇಳೋಣ ಅಂತ ಬಂದಿದ್ದೆ. ಕಳ್ಳ ಅಂದವಳನ್ನ ಏನಂತ ಕೇಳಲಿ? ಇನ್ನು ಈ ಕಡೆ ಬರಲ್ಲ."

ಅವನು ಗಿಟಾರ್ ತರಲು ಒಳಗೆ ಹೋದ.

ಒಳಗೆ, ಹೊರಗಿನ ಜಗಳವೆಲ್ಲ ಕೇಳಿಸಿಕೊಂಡಿದ್ದ ಪಬ್ಬಿನ ಮಾಲೀಕ ಮಾನಸ್ ಅವನ ತೋಳು ಹಿಡಿದಿದ್ದ. "ಜಗಳ ಇದ್ದಿದ್ದೇ ಕಣಯ್ಯಾ, ಟೀ ಕುಡಿದು ಹೋಗು. ಅಷ್ಟಕ್ಕೂ ಆ ರಾಗ ಯಾರದ್ದು?"

"ಯಾರದ್ದೂ ಅಲ್ಲ," ಎಂದ ಫೀಕ್ರಾ.

"ನಂದು!"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಬ್ರೋನಾ ನಿಂತಿದ್ದಳು.

"ನಾನೇ ಕಟ್ಟಿದ್ದು. ಮುದುಕನೂ ಇಲ್ಲ, ಮಣ್ಣೂ ಇಲ್ಲ. ಸುಳ್ಳು ಹೇಳಿದ್ದೂ ನಾನೇ, ಕಳ್ಳ ಅಂದಿದ್ದೂ ನಾನೇ..."

"ಅಬ್ಬಬ್ಬಾ, ಜಂಬ ನೋಡ್ರೋ!" ಮೂಲೆಯಿಂದ ಕೊಳಲು ನುಡಿಸುವ ಕಾಂಡಿ ಛೇಡಿಸಿದ.

"ಜಂಬಾನೇ ಅನ್ಕೋ!" ಅವಳ ಕಣ್ಣು ತುಂಬಿ ಬಂತು. "ಇವನಿಗೋಸ್ಕರ ಕಟ್ಟಿದ್ದು. ಇವನಂದ್ರೆ ನಂಗೆ ಪ್ರಾಣ. ಊರೆಲ್ಲಾ ಕೇಳಿಸ್ಕೊಳ್ಳಲಿ!"

ಫೀಕ್ರಾ ನಿಧಾನವಾಗಿ ಬಂದು ಅವಳ ತಣ್ಣನೆಯ ಕೈಗಳನ್ನು ಹಿಡಿದುಕೊಂಡ.

"ಇಲ್ಲದ ಆ ಮುದುಕನ ಮೇಲೆ ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತೇನೇ? ಅವನ ವಿಷಯ ಹೇಳುವಾಗ ನಿನ್ನ ಕಣ್ಣು ಹಾಗೆ ಹೊಳೀತಿತ್ತು..."

"ಆಗ ನಾನು ನೋಡ್ತಿದ್ದದ್ದು ನಿನ್ನನ್ನ ಕಣೋ, ಪೆದ್ದ!"