ಫಾರಿನ್ ಕರೆಂಟು

ಸುಳ್ಳು ಹೇಳುವ ವಯಸ್ಸು ನನ್ನದಲ್ಲ. ಹೆಂಡತಿ ಗೋದಮ್ಮನ ವರ್ಷಾಬ್ದಿಕ ಮುಗಿಸಿ, 2008ರಲ್ಲಿ ನಾನು ಭಾವಮೈದುನ ಯೋಗನರಸಿಂಹನ ಜೊತೆ ಶಿಡ್ಲಘಟ್ಟದಿಂದ ನೇಪಾಳದ ಯಾತ್ರೆಗೆ ಹೋಗಿದ್ದೆ. ಗೋದಮ್ಮನ ದನಿ ಉಳಿದಿದ್ದು ನನ್ನ ಮೊಬೈಲಿನಲ್ಲಿದ್ದ ಒಂದು ಆರತಿ ಹಾಡಿನಲ್ಲಿ ಮಾತ್ರ. ಅದನ್ನು ಕೇಳದೆ ನಾನು ದೇವರಿಗೆ ಮಂಗಳಾರತಿ ಎತ್ತುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕರೆಂಟು ಹೋದೊಡನೆ ಅವಳು ಚಾರ್ಜರ್ ಕಿತ್ತು, ವಯರು ಸುತ್ತಿ, ಹೂ ಕಟ್ಟಿ ಮಿಕ್ಕ ಬಾಳೆನಾರಿನಿಂದ ಬಿಗಿಯುತ್ತಿದ್ದಳು. ಕರೆಂಟು ಒಮ್ಮೆಗೇ ನುಗ್ಗಿ ಬಂದರೆ ಫೋನು ಸುಟ್ಟುಹೋಗುತ್ತದೆಂದು ಅವಳಿಗೆ ಭಯ.

ಕಠ್ಮಂಡುವಿನ ಲಾಡ್ಜಿನ ಕೋಣೆಯಲ್ಲಿ ಫೋನು ಚಾರ್ಜಿಗೆ ಹಾಕಿದ್ದೆ; ದರ್ಶನಕ್ಕೆ ಹೊರಟಾಗ ಕರೆಂಟು ಹೋಯಿತು. ನಾನು ಪ್ಲಗ್ ಕೀಳಲು ಬಗ್ಗಿದೆ.

“ಬಿಡಿ ಭಾವ, ಇದೇನು ಶಿಡ್ಲಘಟ್ಟದ ಕರೆಂಟಾ? ಫಾರಿನ್ ಕರೆಂಟು!” ಎಂದು ಯೋಗನರಸಿಂಹ ನನ್ನನ್ನು ಎಳೆದುಕೊಂಡು ಹೊರಟ. ಅವನ ಫೋನೂ ಪಕ್ಕದ ಪ್ಲಗ್ಗಿನಲ್ಲೇ ಉಳಿಯಿತು. ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಹಿಂದಿರುಗಿ ಬಾಗಿಲು ತೆಗೆದರೆ ಸುಟ್ಟ ವಾಸನೆ, ಅದರ ಜೊತೆಗೆ ಮಲ್ಲಿಗೆಯ ವಾಸನೆ. ಅವನ ಫೋನು ಕಪ್ಪಗೆ ಕರಗಿತ್ತು. ನನ್ನದು ದಿಂಬಿನ ಮೇಲೆ ತಣ್ಣಗೆ ಮಲಗಿತ್ತು. ಪಕ್ಕದಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಚಾರ್ಜರ್.

ಯೋಗನರಸಿಂಹ ತನ್ನ ಕರಗಿದ ಫೋನನ್ನು ಕೈಗೆತ್ತಿಕೊಂಡ. “ಅಕ್ಕ ಇಷ್ಟು ದೂರ ಬಂದೋಳು, ನನ್ದೂ ಕೀಳ್ಬಾರ್ದಿತ್ತಾ ಭಾವ?”

“ಅವಳ ಸಾರಿಗೆ ಉಪ್ಪು ಜಾಸ್ತಿ ಅಂದಿದ್ಯಲ್ಲಪ್ಪ.”

“ಅಯ್ಯೋ, ಅದು ತಮಾಷೆಗೆ ಅಂದಿದ್ದು ಕಣಕ್ಕ!” ಎಂದು ಅವನು ಖಾಲಿ ಮೂಲೆಗೆ ಕೈಮುಗಿದ.

ನಾನು ಆರತಿಯ ಹಾಡು ಹಾಕಿ, ವಯರಿಗೆ ಬಿಗಿದಿದ್ದ ಬಾಳೆನಾರನ್ನು ಮುಟ್ಟಿದೆ. ಅದು ಇನ್ನೂ ಒದ್ದೆಯಾಗಿತ್ತು.