ಸಾಯದೆ ಉಳಿದ ಫ್ಯೂಸು

1971ರ ಒಂದು ಬೆಳಗ್ಗೆ ಉಮಾನಾಥರು ನಾಸಿಕದ ತಮ್ಮ ಹೋಟೆಲಿನಲ್ಲಿ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದಾಗಲೇ ಜಗಳ ಬಾಗಿಲಿಗೆ ಬಂತು. ಯೇವಲಾದ ಪೈಠಣಿ ಸೀರೆಗಳನ್ನು ಔರಂಗಾಬಾದಿಗೆ ಒಯ್ದು ಮಾರುವ ಬೀದರದ ವಿಶ್ವನಾಥಪ್ಪನವರು, ಹೊಗೆ ಮೆತ್ತಿದ ತಮ್ಮ ಹಳೇ ಪಿಕಪ್ಪನ್ನು ಎಳೆಸಿಕೊಂಡು ಬಂದಿದ್ದರು.

"ನಿಮ್ಮೂರಿನವ ಅಂತ ಜಯರಾಮನ್ನ ನಂಬಿದ್ನಿರಿ! ಅವ ಹಾಕಿದ ವೈರಿಂಗ್ ಸೆಟ್ ತಿಂಗಳೊಳಗ ಸುಟ್ಟದ. ಸಂಜೀಕ ಅವನ ಶೆಡ್ ಖಾಲಿ ಮಾಡಸ್ರಿ. ಇಲ್ಲಾಂದ್ರ ನಮ್ಮ ವ್ಯಾಪಾರಿ ಮಂದಿ ನಿಮ್ಮ ಹೋಟೆಲಿನ ಮೆಟ್ಟಲಾ ಹತ್ತಂಗಿಲ್ಲ!"

ಸಿಟ್ಟಿನಲ್ಲಿ ಅವರು ಕೋಟಿನ ಜೇಬಿನಿಂದ ಜರಿಯ ಎಳೆ ತೆಗೆದು ಬೆರಳಿಗೆ ಸುತ್ತುತ್ತಿದ್ದರು. ಜರಿ ಅಸಲೋ ನಕಲಿಯೋ ತಾಳೆ ನೋಡಲು ಮಾದರಿ ಎಳೆ ಇಟ್ಟುಕೊಳ್ಳುವುದು ಸೀರೆಯವರ ರೂಢಿ.

ಹೋಟೆಲಿನ ಹಿಂದಿನ ಶೆಡ್ಡೇ ಮೆಕ್ಯಾನಿಕ್ ಜಯರಾಮನ ಅನ್ನ. ಪಾಪ, ಅವನು ಎರಡು ಸೆಟ್ ನೋಡಿಯೇ ಆರಿಸಿದ್ದ. ಎದುರಿನ ಸ್ಪೇರ್ ಅಂಗಡಿಯ ಹರಿದಾಸನದರಲ್ಲಿ ಎಲ್ಲ ವೈರೂ ಒಂದೇ ದಪ್ಪ. ಪಕ್ಕದೂರು ಸಿನ್ನರಿನಿಂದ ಬಂದದ್ದರಲ್ಲಿ ದೀಪಕ್ಕೊಂದು, ಹಾರ್ನಿಗೊಂದು ಅಳತೆ. ಸಿನ್ನರಿನದೇ ಹಾಕಿದ್ದ. ಹರಿದಾಸ ಈಗ ಹಲ್ಲು ಕಿಸಿಯುತ್ತ ನಿಂತಿದ್ದ.

ಉಮಾನಾಥರು ಮಹಡಿಯ ಬಾಡಿಗೆದಾರ ಗುರುಲಿಂಗಪ್ಪನವರನ್ನು ಕರೆದರು. ಕಲಬುರ್ಗಿಯ ಕಡೆಯ ಈ ನಿವೃತ್ತ ಅಬಕಾರಿ ಇನ್ಸ್‌ಪೆಕ್ಟರರ ಮೂಗಿಗೆ ಊರೇ ಹೆದರುತ್ತಿತ್ತು. ಅವರು ಬಾನೆಟ್ ಎತ್ತಿಸಿ ಫ್ಯೂಸಿನ ಡಬ್ಬಿ ಮೂಸಿದರು.

"ಉಮಾನಾಥ, ಏನ್ ವಾಸನಿ?"

"ಕೂದಲು ಸುಟ್ಟ ಹಾಗೆ, ಮಾರಾಯ್ರೇ!"

"ಮತ್ತ ಈ ಬಸ್ಸಿನ ಹಾರ್ನ್?"

"ನಾನು ಹಾಕಿದ್ದಲ್ಲ," ಎಂದ ಜಯರಾಮ. ಗಲಾಟೆ ಕೇಳಿ ಅವನು ಶೆಡ್ಡಿನಿಂದ ಬಂದು ನಿಂತಿದ್ದ.

"ಔರಂಗಾಬಾದಿನಾಗ ನಾನs ಹಾಕಿಸೀನಿ. ಅದಕ್ಕೇನೀಗ?" ಎಂದರು ವಿಶ್ವನಾಥಪ್ಪ.

ಗುರುಲಿಂಗಪ್ಪ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ ಚಹಾ ತರಿಸಿದರು.

"ನೋಡ್ರಿ, ಹರಿದಾಸ ನಗ್ತಾನ, ನಗೋದು ಅಪರಾಧ ಅಲ್ಲ. ಸೆಟ್ಟಿನ ಬ್ಯಾರೆ ವೈರೆಲ್ಲ ಹೊಸಾವಿದ್ದಂಗ ಅವ. ಸುಟ್ಟದ್ದು ಫ್ಯೂಸಿನಿಂದ ಹಾರ್ನಿನ ತನಕ ಅಷ್ಟs. ಆ ಹೊಸ ಹಾರ್ನಿನ ವೈರು ಬಾನೆಟ್ಟಿನ ಅಂಚಿಗೆ ಉಜ್ಜಿ ಬತ್ತಲೆ ಆಗ್ಯದ. ಅದು ತಗಡಿಗೆ ತಗಲಿದ ಕೂಡಲೆ ಫ್ಯೂಸು ಸಾಯಬೇಕು. ತಾನು ಸತ್ತು ಗಾಡಿ ಉಳಿಸೋದೇ ಅದರ ಕೆಲಸ. ಇಲ್ಲಿ ಗಾಡಿ ಸುಟ್ಟದ, ಫ್ಯೂಸು ಬದುಕ್ಯದ. ಯಾಕ?"

ಅವರು ಫ್ಯೂಸಿನ ಡಬ್ಬಿಯಿಂದ ಕೆರೆದು ತಂದ ಕರಕಲನ್ನು ಕಾಗದದ ಮೇಲೆ ಉದುರಿಸಿದರು. ನಡುವೆ ಬಂಗಾರದ ಬಣ್ಣ ಮಿನುಗಿತು.

"ಖರೆ ಫ್ಯೂಸು ಹೋದ ಮ್ಯಾಲ ಅದರ ಜಾಗದಾಗ ಯಾರೋ ಈ ಜರಿ ಎಳಿ ನಾಲ್ಕು ಸುತ್ತು ಬಿಗಿದಾರ. ಒಳಗ ರೇಷ್ಮಿ, ಅದಕ್ಕs ಕೂದಲಿನ ವಾಸನಿ. ಮ್ಯಾಲ ಬಂಗಾರದ ನೀರು ಕೊಟ್ಟ ಬೆಳ್ಳಿ, ಕರೆಂಟು ಸಲೀಸಾಗಿ ಹರೀತದ. ಪ್ಲಾಸ್ಟಿಕ್ಕಿನ ನಕಲಿ ಜರಿ ಆಗಿದ್ರ ಆಗs ಸುಟ್ಟು ಗಾಡಿ ಉಳೀತಿತ್ತೋ ಏನೋ. ಅಸಲಿ ಜರಿ ಜೇಬಿನಾಗ ಇಟ್ಕೊಂಡು ಗಾಡಿ ಓಡಸಾವ್ರು ಯಾರು?"

ಎಲ್ಲರ ಕಣ್ಣೂ ವಿಶ್ವನಾಥಪ್ಪನವರ ಬೆರಳಿಗೆ ಹೋಯಿತು. ಅಲ್ಲಿ ಎಳೆ ಇನ್ನೂ ಸುತ್ತಿಕೊಂಡಿತ್ತು. ಹರಿದಾಸನ ನಗು ಇಂಗಿತು.

"ದಾರ್ಯಾಗ ಫ್ಯೂಸು ಹೋತು, ಔರಂಗಾಬಾದ್ ಮುಟ್ಟಿದ್ರ ಸಾಕಾಗಿತ್ರಿ," ಎಂದರು ವಿಶ್ವನಾಥಪ್ಪ ತಲೆ ತಗ್ಗಿಸಿ. "ಹೊಗಿ ಬಂದಾಗ ನನಗ ಗೊತ್ತಾತು. ನಾಲ್ಕು ಮಂದಿ ಮುಂದ ನನ್ನ ತಪ್ಪು ಅನ್ನಾಕ ಬಾಯಿ ಬರಲಿಲ್ಲ. ಜಯರಾಮ, ತಪ್ಪಾತಪಾ."

ಜಯರಾಮ ಕಣ್ಣೊರೆಸಿಕೊಂಡು ಎದ್ದ.

"ಸೆಟ್ ಸರಿ ಮಾಡಿ ಕೊಡ್ತೇನೆ, ಯಜಮಾನ್ರೇ. ಹೊಸ ಫ್ಯೂಸೂ ಹಾಕ್ತೇನೆ," ಎಂದು ಕೈ ಚಾಚಿದ. "ಮೊದಲು ಆ ಜೇಬು ಖಾಲಿ ಮಾಡಿ."