ಕರಿಪಟ್ಟೆಯ ಕಡೆಗೆ ಬಾಣ

ರಮ್ಯಾಳಿಗೆ ಬೆಟ್ಟ ಗೊತ್ತಿರಲಿಲ್ಲ. ಚನ್ನಪಟ್ಟಣದ ಪೇಟೆಬೀದಿಯಲ್ಲಿ ಬೆಳೆದು, ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾರಿನ ವೈರು ಜೋಡಿಸುತ್ತಿದ್ದ ಇಪ್ಪತ್ತೊಂದರ ಹುಡುಗಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಸಾವನದುರ್ಗದ ಬಂಡೆಯ ಕೆಳಗಿನ ಲಂಟಾನ ಪೊದೆಯಲ್ಲಿ ಅವಳ ಹೆಣ ಸಿಕ್ಕಿತು.

ಕಾರ್ಖಾನೆಯವರು ಹದಿನೆಂಟು ಮಂದಿಯನ್ನು ಮೂರು ದಿನದ ಚಾರಣಕ್ಕೆ ಕರೆತಂದಿದ್ದರು. ಶುಕ್ರವಾರ ರಾಮದೇವರ ಬೆಟ್ಟ, ಶನಿವಾರ ಕಾಡುದಾರಿ, ರಾತ್ರಿ ಅರೆಬೆಟ್ಟದ ಹಾಸುಬಂಡೆಯ ಮೇಲೆ ಡೇರೆ. ಭಾನುವಾರ ನೆತ್ತಿ ಮುಟ್ಟಿ ಇಳಿಯುವುದು ಬಾಕಿ ಇತ್ತು.

ಮಾಗಡಿ ಠಾಣೆಯ ಹೆಡ್‌ಕಾನ್‌ಸ್ಟೇಬಲ್ ಮುನಿರತ್ನಮ್ಮ ಹತ್ತು ಗಂಟೆಗೆ ಅಲ್ಲಿಗೆ ಹತ್ತಿ ಬಂದಾಗ ಎಸ್‌ಐ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

“ಪತ್ತೆ ಮಾಡೋಕೆ ಏನೂ ಇಲ್ಲ ಮುನಿರತ್ನಮ್ಮ. ದಾರಿಗೆ ಸುಣ್ಣದ ಬಾಣ ಬರೆದೋನು ಗೈಡು ಮರಿಯಪ್ಪ. ಒಂದು ಬಾಣ ತಪ್ಪು ಬರ್ದವ್ನೆ. ಮಂಜಲ್ಲಿ ಹುಡುಗಿ ಅದನ್ನೇ ನಂಬಿ ಹೋದ್ಲು. ಅಜಾಗರೂಕತೆಯಿಂದಾದ ಸಾವು, ಮುನ್ನೂರ ನಾಲ್ಕು ಎ. ಕರ್ಕೊಂಡು ನಡೀರಿ.”

“ಅವನು ಒಪ್ಪಿದ್ನಾ ಸಾರ್?”

“ಒಪ್ದ. ಅದೂ ಮೊದಲ್ನೇ ಸಲಕ್ಕೇ!”

ಅದೇ ಮುನಿರತ್ನಮ್ಮನಿಗೆ ಹಿಡಿಸಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲಕ್ಕೇ ಒಪ್ಪಿಕೊಂಡವರನ್ನು ಅವಳು ಇಬ್ಬರನ್ನೋ ಮೂವರನ್ನೋ ಕಂಡಿದ್ದಳು. ಅವರೆಲ್ಲ ಇನ್ನೊಬ್ಬರಿಗಾಗಿ ಒಪ್ಪಿಕೊಂಡವರು.

“ಹತ್ತು ನಿಮಿಷ ಕೊಡಿ ಸಾರ್” ಎಂದು ಬೂಟು ಬಿಚ್ಚಿ ಬರಿಗಾಲಲ್ಲಿ ಹತ್ತಿದಳು.

ಡೇರೆಯಿಂದ ಮೇಲಕ್ಕೆ ಬಾಣಗಳ ಸಾಲು. ಒಂದು, ಎರಡು, ಐದು. ಬೆಳ್ಳಗಿನ ನೀರು ಕೆಳಕ್ಕೆ ಹರಿದ ಗೆರೆ, ಮಬ್ಬಾದ ತುದಿ. ಆರನೆಯದು ಎಡಕ್ಕೆ ತಿರುಗಿತ್ತು. ಅಲ್ಲಿಂದ ಮೂವತ್ತು ಹೆಜ್ಜೆಗೆ ಬಂಡೆಯ ಮೈಮೇಲೆ ಮಳೆನೀರು ಹರಿದು ಹರಿದು ಪಾಚಿಗಟ್ಟಿದ ಅಗಲವಾದ ಕರಿಪಟ್ಟೆ. ಅದರಾಚೆ ಆಕಾಶ.

ಮುನಿರತ್ನಮ್ಮ ಕುಕ್ಕುರುಗಾಲಲ್ಲಿ ಕುಳಿತು ಆರನೆಯ ಬಾಣವನ್ನು ಬೆರಳಲ್ಲಿ ಉಜ್ಜಿದಳು. ಮೂಗಿಗೆ ಹಿಡಿದಳು. ಸುಮ್ಮನೆ ಇಳಿದು ಬಂದಳು.

ಚಾರಣದ ಉಸ್ತುವಾರಿ ಹೊತ್ತಿದ್ದ ಕಾರ್ಖಾನೆಯ ಸೂಪರ್‌ವೈಸರ್ ನಟರಾಜು ಕಲ್ಲಿನ ಮೇಲೆ ತಲೆ ಹಿಡಿದು ಕೂತಿದ್ದ.

“ಹುಡುಗಿ ಒಬ್ಬಳೇ ಯಾಕೆ ಮುಂದೆ ಹೋದ್ಲು?”

“ಅವರಮ್ಮನಿಗೆ ಫೋನ್ ಮಾಡ್ಬೇಕು ಅಂತಿದ್ಲು ಮೇಡಂ. ಇಲ್ಲಿ ಸಿಗ್ನಲ್ ಇಲ್ಲ. ಬಾಣ ಬಿಟ್ಟು ಆ ಕಡೆ ಈ ಕಡೆ ಹೋಗ್ಬೇಡಿ ಅಂತ ಎಲ್ಲಾರ್ಗೂ ಹೇಳಿದ್ವಿ. ಅವಳು... ನಾವು ಹೇಳಿದಂಗೇ ಬಾಣ ಹಿಡ್ಕೊಂಡೇ ಹೋಗವಳೆ.”

“ರಾತ್ರಿ ಮಳೆ ಬಂತಾ?”

“ಜೋರಾಗಿ. ಮೂರು ಗಂಟೆಗೆ ನಿಂತಿದ್ದು.”

“ಆಮೇಲೆ ಡೇರೆಯಿಂದ ಯಾರು ಎದ್ರು?”

“ಮರಿಯಪ್ಪ ನನ್ನ ಪಕ್ಕದಲ್ಲೇ ಮಲಗಿದ್ದ. ಐದಕ್ಕೆ ಚೆಲುವಯ್ಯ ಎದ್ದು ದೊಣೆಯಿಂದ ನೀರು ತರೋಕೆ ಮೇಲಕ್ಕೆ ಹೋದ್ರು. ದಿನಾ ಅವರೇ. ಅಡುಗೆ ಅವರದು, ನೀರು ಅವರದು. ಹಾವು ಚೇಳು ಬರದಿರ್ಲಿ ಅಂತ ಡೇರೆ ಸುತ್ತ ಏನೋ ಪುಡಿ ಚೆಲ್ಲೋದೂ ಅವರೇ. ಅವರೂರು ಕಲ್ಯದಲ್ಲಿ ರೇಷ್ಮೆ ಹುಳ ಸಾಕ್ತಾರೆ. ಒಳ್ಳೇ ಮನುಷ್ಯ.”

“ಹೋದ ವರ್ಷ ಗೈಡು ಯಾರು?”

“ಚೆಲುವಯ್ಯನೇ. ಈ ಸಲ ಅಳಿಯನ್ನ ಹಾಕ್ಕೊಂಡ್ವಿ. ಮರಿಯಪ್ಪನಿಗೆ ನಾಲ್ಕು ಮಾತು ಇಂಗ್ಲಿಷು ಬರುತ್ತೆ ಅಂತ...”

ಮರಿಯಪ್ಪ ಕಿತ್ತಳೆ ಬಣ್ಣದ ಟೀಶರ್ಟಿನಲ್ಲಿದ್ದ. ಬೆನ್ನ ಮೇಲೆ ‘ಗೈಡ್’ ಎಂದು ಅಚ್ಚು. ಅವನ ಡಬ್ಬ, ಕುಂಚ ಮುನಿರತ್ನಮ್ಮನ ಕೈಗೆ ಬಂದವು. ಡಬ್ಬವನ್ನೂ ಮೂಸಿ ನೋಡಿದಳು.

“ಇದರಲ್ಲಿ ಏನೇನು ಹಾಕಿದ್ದೆ?”

“ಸುಣ್ಣ, ಗೋಂದು, ನೀರು. ಗುರುವಾರ ಬಂದು ಎಲ್ಲಾನೂ ಬರ್ದು ಹೋಗಿದ್ದೆ ಮೇಡಂ.”

“ಆರನೇ ಬಾಣಾನೂ?”

“ಊಂ.”

“ಈ ಬೆಟ್ಟ ಬಲ್ಲೋನು ಕರಿಪಟ್ಟೆ ಕಡೆಗೆ ಬರ್ದ್ಯಾ?”

“ಮರೆತಿದ್ದೆ.” ಅವನು ಮುಖ ಎತ್ತಲಿಲ್ಲ. “ಬೇಗ ಕರ್ಕೊಂಡೋಗಿ ಮೇಡಂ.”

ಚೆಲುವಯ್ಯ ಒಲೆಯ ಹತ್ತಿರ ಕೂತಿದ್ದ. ಪಾತ್ರೆಯಲ್ಲಿ ಉಪ್ಪಿಟ್ಟು ಹಾಗೇ ಇತ್ತು. ಯಾರೂ ಮುಟ್ಟಿರಲಿಲ್ಲ.

“ಕಲ್ಯದಲ್ಲಿ ಹುಳ ಸಾಕಿದ್ದೀರಂತೆ ಚೆಲುವಯ್ಯನವರೆ? ಎಷ್ಟನೇ ಜ್ವರ?”

ಅವನು ಬೆಚ್ಚಿದ. “ಮೂರ್ನೇ ಜ್ವರಕ್ಕೆ ಕೂತವೆ ತಾಯಿ. ಮಗಳು ಬೋರಮ್ಮ ನೋಡ್ಕತಾವ್ಳೆ.”

“ನಮ್ಮನೇಲೂ ಸಾಕ್ತಿದ್ವಿ. ಕನಕಪುರದ ಹತ್ರ. ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತಾಗ ಹಾಸಿಗೆ ಮೇಲೆ ಪುಡಿ ಉದುರಿಸೋದು ನನ್ನ ಕೆಲಸ. ಮದುವೆ ಆಗೋವರೆಗೂ ಕೈಯಿಂದ ಆ ನಾತ ಹೋಗಿರ್ಲಿಲ್ಲ. ಡೇರೆ ಸುತ್ತ ಚೆಲ್ಲೋ ಆ ಪುಡಿ ಪೊಟ್ಟಣ ಒಸಿ ಕೊಡಿ.”

ಅವನು ಟವೆಲಿನ ಗಂಟು ಬಿಚ್ಚಿದ.

ಎಸ್‌ಐ ಹತ್ತಿರ ಬಂದರು. “ಏನ್ರೀ ಇದು? ಬೆಟ್ಟದ ಮೇಲೆ ರೇಷ್ಮೆ ಪಾಠ?”

“ಮೂಸಿ ನೋಡಿ ಸಾರ್. ಸುಣ್ಣದ ಜೊತೆ ಬ್ಲೀಚಿಂಗ್ ಪುಡಿ. ಹುಳದ ಮನೆ ಪುಡಿ. ಆರನೇ ಬಾಣದಲ್ಲೂ ಇದೇ ನಾತ. ಮರಿಯಪ್ಪನ ಡಬ್ಬದಲ್ಲಿ ಇಲ್ಲ.”

“ಎಲ್ಲಾ ಬಾಣಾನೂ ಬೆಳ್ಳಗೇ ಇವೆಯಲ್ಲ?”

“ಅಲ್ಲೇ ನಾವು ಎಡವಿದ್ದು. ಅವು ಕುಂಚದಲ್ಲಿ ಬರ್ದವು, ರಾತ್ರಿ ಮಳೆಗೆ ಕರಗಿ ಇಳಿದವೆ. ಇದೊಂದು ಒಣ ಪುಡಿ, ಒದ್ದೆ ಬಂಡೆ ಮೇಲೆ ಕೈಯಲ್ಲಿ ಒತ್ತಿದ್ದು. ಒಂದು ಹನಿ ಹರಿದ ಗುರುತಿಲ್ಲ. ಅಂದ್ಮೇಲೆ ಮಳೆ ನಿಂತ ಮೇಲಿಂದು. ಮೂರರ ಮೇಲೆ ಈ ಪುಡಿ ಹಿಡ್ಕೊಂಡು ಆ ದಾರೀಲಿ ಹೋದೋರು ಒಬ್ರೇ.”

ಎಲ್ಲರ ಕಣ್ಣೂ ಒಲೆಯ ಕಡೆ ತಿರುಗಿದವು.

“ಮಾವ ಅಲ್ಲ!” ಮರಿಯಪ್ಪ ಕೂಗಿದ. “ನಾನೇ ಅಂತ ಹೇಳಿಲ್ವಾ? ಬರ್ಕೊಳ್ಳಿ, ನಾನೇ!”

“ಸುಮ್ಕಿರ್ಲಾ.” ಚೆಲುವಯ್ಯ ಎದ್ದು ನಿಂತ. “ಹೆಂಡ್ತಿ ಇರೋನು ನೀನು. ಸುಮ್ಕಿರು.”

“ಯಾಕ್ರೀ ಮಾಡಿದ್ರಿ?” ಮುನಿರತ್ನಮ್ಮ ಕೇಳಿದಳು.

“ಸಾಯ್ಲಿ ಅಂತಲ್ಲ ತಾಯಿ. ದೇವ್ರಾಣೆ ಅಲ್ಲ. ಈ ಬೆಟ್ಟ ಇವನಿಗೆ ತೋರಿಸ್ದೋನು ನಾನು. ಮೂರು ದಿವ್ಸದಿಂದ ಆ ಹುಡುಗ್ರು ‘ಅಡುಗೆ ತಾತ, ನೀರು ತಾತ’ ಅಂತಾ ಇದ್ರು. ಇವನು ಮುಂದೆ, ನಾನು ಪಾತ್ರೆ ಹೊತ್ಕೊಂಡು ಹಿಂದೆ. ಇವನ ಬಾಣ ಒರಸಿ ಬೇರೆ ಒತ್ತಿದೆ. ಇವನ ದಾರಿ ಒಂದು ಗಳಿಗೆ ತಪ್ಲಿ, ನಟರಾಜಪ್ಪ ನನ್ನ ಕೂಗ್ಲಿ, ನಾನು ಹೋಗಿ ಸರಿ ದಾರಿ ತೋರಿಸಾನ ಅಂತಿದ್ದೆ. ಅಷ್ಟೇಯ.”

“ಆಚೆಗೆ ಪ್ರಪಾತ ಅಂತ ಗೊತ್ತಿತ್ತಲ್ಲ?”

“ನಡುವೆ ಕರಿಪಟ್ಟೆ ಐತಲ್ಲ ತಾಯಿ! ಒದ್ದೆ ಕರಿಪಟ್ಟೆ ಕಂಡ್ರೆ ನಮ್ಮೂರ ದನಾನೂ ಕಾಲಿಡಕಿಲ್ಲ. ನಿಂತ್ಬುಡ್ತಾರೆ, ಕೂಗ್ತಾರೆ ಅಂದ್ಕೊಂಡೆ. ಯಾರಿಗಾದ್ರೂ ಗೊತ್ತಿರ್ತದಲ್ಲ...”

“ಆ ಹುಡುಗಿ ದನ ಮೇಯಿಸಿದೋಳಲ್ಲ ಚೆಲುವಯ್ಯನವರೆ.”

ಅದು ಅವನಿಗೆ ಆಗಷ್ಟೇ ಹೊಳೆದಿತ್ತು. ಅರವತ್ತು ವರ್ಷ ಬಂಡೆಯ ಮೇಲೆ ಓಡಾಡಿದವನಿಗೆ, ಕಪ್ಪು ಕಂಡರೆ ನಿಲ್ಲಬೇಕೆಂದು ತಿಳಿಯದ ಕಾಲುಗಳೂ ಉಂಟೆಂದು ಗೊತ್ತಿರಲಿಲ್ಲ.

ಇಳಿಯುವಾಗ ಮರಿಯಪ್ಪ ಮಾವನ ಹಿಂದೆಯೇ ಬಂದ. ಮುನಿರತ್ನಮ್ಮ ತಗ್ಗಿದ ದನಿಯಲ್ಲಿ ಕೇಳಿದಳು:

“ಬಾಣ ಕಂಡ ತಕ್ಷಣ ನಿಂಗೆ ಗೊತ್ತಾಯ್ತು ಅಲ್ವಾ?”

“ಊಂ.”

“ಜೈಲಿಗೆ ಹೋಗೋಕೂ ಒಪ್ಕೊಂಡ್ಯಲ್ಲ?”

“ನಾನು ಹೋಗಿದ್ರೆ ಬೋರಿ ವಾಪಸ್ ಬರ್ಲಿ ಅಂತ ಕಾಯ್ತಿದ್ಲು ಮೇಡಂ. ಈಗ ನಿಮ್ಮಪ್ಪ ಹಿಂಗೆ ಮಾಡ್ದ ಅಂತ ನಾನೇ ಹೇಳ್ಬೇಕು. ಹೆಂಗೆ ಹೇಳ್ಲಿ?”

ತಪ್ಪು ಮಾಡಿದವರ ಹೆಸರು ಹಿಡಿದು ಕೊಡುವುದು ಮುನಿರತ್ನಮ್ಮನ ಕೆಲಸ. ಅದನ್ನು ಮನೆಗೆ ಮುಟ್ಟಿಸುವುದು ಬೇರೆಯವರ ಪಾಲು.

ಬುಡದಲ್ಲಿ ಆಂಬ್ಯುಲೆನ್ಸ್ ನಿಂತಿತ್ತು. ಪಕ್ಕದಲ್ಲಿ ಸುದ್ದಿ ಕೇಳಿ ಕಲ್ಯದಿಂದ ಓಡಿ ಬಂದಿದ್ದ ಬೋರಮ್ಮ. ಗಂಡನ ಕೈಯಲ್ಲಿ ಬೇಡಿ ಇಲ್ಲವೆಂದು ನೋಡಿ ಅವಳ ಮುಖ ಅರಳಿತು. ಆಮೇಲೆ ಅವನ ಮುಂದೆ ನಡೆದು ಬರುತ್ತಿದ್ದವನ ಕೈ ನೋಡಿದಳು.

“ಅಪ್ಪಯ್ಯ? ಅಪ್ಪಯ್ಯನ್ನ ಯಾಕೆ? ಹೇಳ್ರೀ, ನಮ್ಮಪ್ಪ ಏನ್ ಮಾಡವ್ನೆ?”

ಮರಿಯಪ್ಪ ಅವಳ ಕಡೆ ನೋಡದೆ ಟೀಶರ್ಟು ಬಿಚ್ಚಿ ನಟರಾಜುವಿನ ಕೈಗೆ ಕೊಟ್ಟ. ಆಮೇಲೆ ಯಾವತ್ತೂ ಅವನು ಗೈಡಾಗಿ ಬೆಟ್ಟ ಹತ್ತಲಿಲ್ಲ. ಚೆಲುವಯ್ಯ ತೀರ್ಪು ಬರುವ ಮೊದಲೇ ರಾಮನಗರದ ಜೈಲಿನಲ್ಲಿ ಸತ್ತ. ಬೋರಮ್ಮ ಹೆಣ ನೋಡಲು ಹೋಗಲಿಲ್ಲ.

ಹೋದ ಜೀವ ಎರಡು. ಒಬ್ಬ ತಾಯಿಗೆ ಇದ್ದೊಬ್ಬ ಮಗಳು. ಒಬ್ಬ ಮಗಳಿಗೆ ಇದ್ದೊಬ್ಬ ಅಪ್ಪ. ಬೆಟ್ಟ ಕಳೆದುಕೊಂಡದ್ದು ತನ್ನನ್ನು ಬಲ್ಲ ಇಬ್ಬರನ್ನು.